ಸತ್ತ ಅತ್ತೆ ಕಾಪಿ ಕುಡಿದ ಕಾದಂಬರಿ

ಈಚೆಗೆ ಮೂರು ಕಾದಂಬರಿ ಓದಿದೆ. ಮೂರನ್ನೂ ಗಟ್ಟಿಯಾಗಿ ಓದಿದ್ದರಿಂದ ಗಂಟಲು ಕಟ್ಟಿದೆ, ಕಣ್ಣು ಉರಿಯುತ್ತಿದೆ, ಕೂತು ಕೂತು ಸೊಂಟ ಹಿಡಿದಿದೆ. ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವವರು ಬೇಕಾದಷ್ಟಿದ್ದೇವೆ. ಓದು ಬರಹ ಮಾತ್ರ ತಮಿಳಿನಲ್ಲಿ. ಕನ್ನಡ ಅಕ್ಷರ ಬಲ್ಲವರನ್ನು ಎಣಿಸಲು ಒಂದು ಕೈ ಸಾಕು, ಆ ಕೈಯ ಹೆಬ್ಬೆರಳು ನಾನು. ಹರೆಯದಲ್ಲಿ ಮೈಸೂರಿನ ಹಣ್ಣಿನ ಮಂಡಿಯಲ್ಲಿದ್ದಾಗ ಅಂಗಡಿ ಬೋರ್ಡು ನೋಡಿಯೇ ಕಲಿತೆ. ಮೇಷ್ಟ್ರ ಹಂಗಿಲ್ಲ.

ಕೇಳುವವಳು ನನ್ನ ಅಕ್ಕ. ಬತ್ತಲಗುಂಡಿನಲ್ಲಿ ಅವಳ ಮಗಳು ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಳು. ಅದು ಮುಗಿಯುವ ತನಕ ಅಕ್ಕ ನಮ್ಮಲ್ಲಿಗೆ ಬಂದಿದ್ದಳು. ನನ್ನ ಮಗ ಸೊಸೆ ದ್ರಾಕ್ಷಿ ತೋಟಕ್ಕೆ ಹೋದ ಮೇಲೆ ಮಧ್ಯಾಹ್ನ ನಾವಿಬ್ಬರೇ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂರುತ್ತಿದ್ದಳು, ನಾನು ಪುಸ್ತಕದ ಮಾತನ್ನು ನಮ್ಮ ಮನೆ ಮಾತಿಗೆ ತಿರುಗಿಸುತ್ತಾ ಓದುತ್ತಿದ್ದೆ. ಪುಸ್ತಕಗಳನ್ನು ಮೈಸೂರಿಗೆ ದ್ರಾಕ್ಷಿ ಒಯ್ಯುವ ಲಾರಿ ಡ್ರೈವರ್ ತಂದಿದ್ದ. ದಪ್ಪ ನೋಡಿಯೇ ಆರಿಸಿದ್ದ.

ಮೊದಲನೆಯದು ಬಾವಿಗಾಗಿ ಹೊಡೆದಾಡಿದ ಅಣ್ಣತಮ್ಮಂದಿರ ಕಥೆ. ಬರೆದವನಿಗೆ ಒಂದು ಹೊಲ ದಾಟಲು ಒಂದು ಅಧ್ಯಾಯ ಬೇಕು. ಬಾವಿಯಲ್ಲಿ ನೀರು ಕಾಣುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಎರಡನೆಯದರಲ್ಲಿ ಗಂಡನ ಜೊತೆ ಮಾತು ಬಿಟ್ಟವಳೊಬ್ಬಳು ಅಡುಗೆಮನೆ ಕಿಟಕಿಯಿಂದ ಹೊರಗೆ ನೋಡುತ್ತಾಳೆ, ಅಷ್ಟೆ. ನಾನು ಆಕಳಿಸಿದೆ. ಅಕ್ಕನ ಕೈ ಹುಣಸೆಯ ಮೇಲೆ ಹಾಗೇ ನಿಂತಿತ್ತು.

"ಇವಳ್ಗೇನು ಕೊರತೆ ಅಂತ ತಿಳೀತಾಡಾ ನಿನ್ಗೆ?"

"ಗಂಡಂಗೆ ಬಾಯಿಲ್ಲ."

"ಬಾಯಿ ಐತೆ, ಕಿವಿ ಇಲ್ಲ. ಓದ್ಡಾ."

ಅದನ್ನು ನಾನೇ ಹೇಳಬೇಕೆಂದಿದ್ದೆ, ಅವಳೇ ಮೊದಲು ಅಂದುಬಿಟ್ಟಳು.

ಮೂರನೆಯದು ತುಂಬಿದ ಮನೆಯ ಕಥೆ. ಅದು ಕೊನೆಗೆ ಬರುವ ಹೊತ್ತಿಗೆ ಬತ್ತಲಗುಂಡಿನಿಂದ ಫೋನ್ ಬಂತು: ಮನೆ ಮುಗಿಯಿತು, ಬಾ ಅಮ್ಮ. "ಈ ಕತೆ ಮುಗೀಲಿ, ಬತ್ತೀನಿ" ಅಂದಳು ಅಕ್ಕ. ಅವಳು ಹೋದರೆ ನನ್ನ ಮಧ್ಯಾಹ್ನಗಳಿಗೆ ಗೋಡೆಯೇ ಗತಿ. ಕಥೆ ಮುಗಿಯಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ಓದಿದ ಹಾಳೆಗಳನ್ನೇ ಮತ್ತೆ ತಿರುಗಿಸುತ್ತಾ, ಇಲ್ಲದ್ದನ್ನು ಓದತೊಡಗಿದೆ. ಮನೆಯವರನ್ನೆಲ್ಲ ಪಳನಿಗೆ ನಡೆಸಿದೆ. ಒಂದು ಕೋರ್ಟು ಕೇಸು ಹಾಕಿಸಿದೆ. ಚಿನ್ನಾಳಪಟ್ಟಿ ಸೀರೆ ತೆಗೆಸಿ ಮದುವೆಯನ್ನೂ ಮಾಡಿದೆ. ಮೊದಮೊದಲು ಖುಷಿ, ಆಮೇಲೆ ಸಾಕೋ ಸಾಕು. ರಾತ್ರಿಯೆಲ್ಲ ಹೊಸೆದದ್ದು ಒಂದು ಮಧ್ಯಾಹ್ನಕ್ಕೆ ಸಾಲದು. ಬಾವಿಯ ಕಥೆಯವನನ್ನು ಇಷ್ಟುದ್ದ ಯಾಕಪ್ಪಾ ಎಂದು ಬೈದಿದ್ದೆನಲ್ಲ, ಈಗ ಅವನ ಮೇಲೆ ಸಿಟ್ಟಿಲ್ಲ. ಕಥೆ ಮುಗಿದರೆ ಹೊರಡುತ್ತೇನೆಂದು ಅವನ ಮನೆಯಲ್ಲೂ ಯಾರೋ ಕೂತಿದ್ದರೇನೋ.

ಕೊನೆಗೆ ದಣಿವಿನಲ್ಲೇ ಎಡವಿದೆ.

"ನಿಲ್ಸುಡಾ. ಆ ಅತ್ತೆ ಸತ್ತೋದ್ಲು ತಾನೆ? ಈಗ ಹೆಂಗ್ಡಾ ಕೂತ್ಕೊಂಡು ಕಾಪಿ ಕುಡೀತಾಳೆ?"

"ಅದು ಹಿಂದೆ ನಡೆದದ್ದಕ್ಕ. ನೆನಪು."

"ಹಿಂದೇನಾ? ಕಾಪಿ ಕೊಟ್ಟೋಳು ಚಿಕ್ಕ ಸೊಸೆ. ಅವಳು ಈ ಮನೆಗೆ ಬಂದಿದ್ದೇ ಅತ್ತೆ ಸತ್ತಮ್ಯಾಕೆ!"

ಊರಿಗೇ ಟೋಪಿ ಹಾಕಬಲ್ಲ ನಾನು ಪುಸ್ತಕ ಮುಚ್ಚಿದೆ. ಅವಳು ಬೈಯಲಿಲ್ಲ. ಹುಣಸೆ ತಟ್ಟೆ ಬದಿಗಿಟ್ಟು ಒಳಗೆ ಹೋಗಿ ಸೀರೆ ಮಡಚತೊಡಗಿದಳು.

ಬೆಳಿಗ್ಗೆ ಆಟೋ ಬಂತು. "ಕೊನೆ ಅಧ್ಯಾಯ ಒಂದೇ ಬಾಕಿ, ಇದ್ದದ್ದು ಇದ್ದಂಗೆ ಓದ್ತೀನಿ, ಕೂತ್ಕೊ ಅಕ್ಕಾ" ಎಂದೆ. ಅವಳು ಪುಸ್ತಕ ಕಿತ್ತುಕೊಂಡು ಚೀಲಕ್ಕೆ ತುರುಕಿದಳು.

"ನಿನ್ಗೆ ಓದಕ್ ಬರಲ್ವಲ್ಲ!"

"ಬರೋನು ಅಲ್ಲಿಗೆ ಬಂದು ಓದ್ಲಿ."

ತೇನಿಯಲ್ಲಿ ಬಸ್ ಬದಲಿಸಬೇಕು, ಮೆಟ್ಟಿಲು ಹತ್ತಲು ಮಂಡಿ ಬಿಡದು. ಈ ವಯಸ್ಸಿನಲ್ಲಿ ಒಂದು ಕಾದಂಬರಿಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಸೊಸೆ ನಗುತ್ತಾಳೆ. ಅದು ಹೇಗೆ ಮುಗಿಯುತ್ತದೆಂದು ನನಗೂ ಗೊತ್ತಿಲ್ಲ. ಇಲ್ಲದ್ದನ್ನು ಓದುವ ಭರದಲ್ಲಿ ಇದ್ದದ್ದನ್ನು ಓದಲೇ ಇಲ್ಲ. ಕನ್ನಡಕ ಒರೆಸಿಟ್ಟಿದ್ದೇನೆ. ನಾಳೆ ಮೊದಲ ಬಸ್ಸು.