ತಂಗಡಗಿಯಿಂದ ಬಂದ ಕಾರ್ಡು

ಅಪ್ಪನಿಗೆ ನನ್ನ ಮೇಲಿದ್ದ ಹೆಮ್ಮೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಇದು ವಿನಯದ ಮಾತಲ್ಲ. ಆ ಹೆಮ್ಮೆ ಎಂಥದೆಂದು ಆರನೆಯ ವಯಸ್ಸಿಗೇ ನೋಡಿಬಿಟ್ಟಿದ್ದೆ.

ಆಗ, ಐವತ್ತರ ದಶಕದಲ್ಲಿ, ಅವನು ಬಸವನ ಬಾಗೇವಾಡಿಯ ಸಂತೆ ಬೀದಿಯಲ್ಲಿ ಅಂಗಿ ಹೊಲಿಯುತ್ತಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಬಿನ್ನೆತ್ತಿಯಲ್ಲಿ, ಅಂದರೆ ಒಂದನೆಯ ಇಯತ್ತೆಗೂ ಕೆಳಗಿನ ವರ್ಗದಲ್ಲಿ, ಇದ್ದಾಗಲೇ ಓದಲು ಕಲಿತೆ. ಅಂದಿನಿಂದ ಗಿರಾಕಿಗಳ ನೆಮ್ಮದಿ ಹೋಯಿತು. ಇಂಗಳೇಶ್ವರದ ರೈತನೊಬ್ಬ ತನ್ನ ಅಂಗಿ ಕೇಳಿದರೆ ಅಪ್ಪ ಯಂತ್ರ ನಿಲ್ಲಿಸಿ ನನ್ನನ್ನು ಕರೆಯುವನು. ಬೀಡಿ ಕಟ್ಟು, ಬೆಂಕಿಪೆಟ್ಟಿಗೆ, ಸಿಂದಗಿ ಬಸ್ಸಿನ ಫಲಕ, ಸಿಕ್ಕಿದ್ದನ್ನು ನಾನು ಓದಬೇಕು. ಓದಿ ಮುಗಿಯುವ ತನಕ ಅಂಗಿ ಕೈಗೆ ಸಿಗದು.

"ಸಾಕ್ ಬಿಡೋ ಯಪ್ಪಾ, ನನ್ನ ಬಸ್ ಹೊಂಟೈತಿ."

"ಬಸ್ ನಾಳಿಗೂ ಬರ್ತೈತಿ. ಇಂಥಾ ನಾಲಿಗಿ ಎಲ್ಲಿ ಸಿಗ್ತೈತಿ? ಇನ್ನೊಂದು ಓದಪಾ ದೊರಿ."

"ನಿನ್ನ ಮಗಾ ಓದೂದ್ರಾಗ ನನ್ನ ಹೊಸಾ ಅಂಗಿ ಹಳೇದಾತು!"

ನಮ್ಮ ಅಂಗಡಿಯ ಎದುರು ಒಬ್ಬ ವಿಧವೆ ಚುರುಮರಿ ಮಾರುತ್ತಿದ್ದಳು. ಒಬ್ಬಳೇ ಮಗಳು; ಮುದ್ದೇಬಿಹಾಳದಾಚೆ, ಹೊಳೆಯ ದಂಡೆಯ ತಂಗಡಗಿಗೆ ಕೊಟ್ಟಿದ್ದಳು. ಮಗಳಿಗೆ ಜ್ವರ ಬಂದು ಹತ್ತು ದಿನವಾಗಿತ್ತು. ಬರಬೇಡಿ, ಹೇಗಿದ್ದಾಳೆಂದು ಕಾರ್ಡು ಹಾಕುತ್ತೇನೆ ಎಂದು ಅಳಿಯ ಹೇಳಿಕಳಿಸಿದ್ದ. ಅವಳು ದಿನವೂ ಟಪಾಲಿನವನ ದಾರಿ ಕಾಯುತ್ತಿದ್ದಳು.

ಸಾವಿನ ಸುದ್ದಿಯ ಕಾರ್ಡಿನ ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ರೂಢಿ. ಓದು ಬಾರದವರಿಗೂ ಅದು ತಿಳಿಯುತ್ತದೆ. ಅಂಥ ಕಾರ್ಡನ್ನು ಹಾಗೇ ಓದಿಬಿಡುವುದಿಲ್ಲ. ಮೊದಲು ಸಂಬಂಧಪಟ್ಟವರನ್ನು ಕೂರಿಸಿ, ಪಕ್ಕದಲ್ಲಿ ಹಿರಿಯರೊಬ್ಬರು ಕೂತ ಮೇಲೆಯೇ.

ಕಾರ್ಡು ಬಂದದ್ದು ಸಂತೆಯ ದಿನ. ಟಪಾಲಿನವನು ಚುರುಮರಿಯವಳು ಇಲ್ಲದ್ದು ನೋಡಿ ಅಪ್ಪನ ಕೈಗಿತ್ತು ಹೋದ. ಅವಳು ಓಡಿ ಬಂದಳು. ಅಂಗಿಗಾಗಿ ಕೂತಿದ್ದ ಸಾಲಿ ಮಾಸ್ತರರೊಬ್ಬರು ಕೈ ಚಾಚಿದರು.

"ಇಲ್ಲಿ ಕೊಡ್ರಿ, ನಾ ನೋಡ್ತೇನಿ."

"ನೀವು ಕುಂದರ್ರಿ ಮಾಸ್ತರ," ಎಂದ ಅಪ್ಪ. "ನಮ್ಮಾಂವ ಹೆಂಗ ಓದ್ತಾನ ಕೇಳ್ರಿ."

ನನ್ನನ್ನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ನಿಲ್ಲಿಸಿದ. ನಾನು ಪಾಠ ಒಪ್ಪಿಸುವ ರಾಗದಲ್ಲಿ, ಬೀದಿಗೆಲ್ಲ ಕೇಳುವಂತೆ ಓದಿದೆ: ನಿಮ್ಮ ಮಗಳು ಸೋಮವಾರ ನಸುಕಿನಲ್ಲಿ ಲಿಂಗೈಕ್ಯಳಾದಳು. ಆ ಕೊನೆಯ ಶಬ್ದದ ಅರ್ಥ ನನಗೆ ಗೊತ್ತಿರಲಿಲ್ಲ. ಆದರೆ ಎಲ್ಲೂ ತಡೆಯಲಿಲ್ಲ.

"ಶಾಬಾಶ್! ಕೇಳಿದ್ರೇನ್ರಿ ಮಾಸ್ತರ?"

ಅವಳು ನನ್ನ ಕಡೆ ಬಂದು, "ಏನಂದಿ ತಮ್ಮಾ? ಇನ್ನೊಮ್ಮಿ ಅನ್ನು," ಎಂದಳು. ನಾನು ಇನ್ನೂ ಜೋರಾಗಿ ಓದಿದೆ.

ಇಷ್ಟನ್ನೂ ಕಣ್ಣಾರೆ ಕಂಡವನಂತೆ ಬರೆದಿದ್ದೇನೆ. ಕಾರ್ಡಿನ ಮೂಲೆ ಹರಿದಿತ್ತು, ಅಪ್ಪನ ಹೆಬ್ಬೆರಳು ಅದನ್ನು ಮುಚ್ಚಿತ್ತು ಎಂದು ನನ್ನ ನೆನಪು. ಹರಿದೇ ಇರಲಿಲ್ಲ, ಗಾಬರಿಯಲ್ಲಿ ಅಳಿಯ ಮರೆತಿರಬೇಕು ಎನ್ನುತ್ತಿದ್ದಳು ಅವ್ವ. ಅವಳು ಗಂಡನ ಪಕ್ಷ. ಆದರೆ ಹಲಗೆಯೂ ಆ ವರ್ಷ ಇರಲಿಲ್ಲ ಎಂದು ಅವಳು ಹೇಳಿದಳು, ಅದು ನಿಜವೇ ಇದ್ದರೂ ಇರಬಹುದು. ಮತ್ತೆ ನಾನು ನಿಂತದ್ದು ಯಾತರ ಮೇಲೆ? ನನ್ನ ಸಿಟ್ಟಿಗೆ ಬೇಕಾದ ಸಾಮಾನನ್ನೆಲ್ಲ ನಾನೇ ಒಟ್ಟುಮಾಡಿಕೊಂಡಿರಬಹುದು.

ಅರವತ್ತರ ದಶಕದಲ್ಲಿ, ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಇಂಡಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಪ್ಪ ಬೀಗರಿಗೆ ಹೇಳುತ್ತಿದ್ದ: "ಆರು ವರ್ಷದಾಂವ ಇದ್ದ ನೋಡ್ರಿ. ಇಡೀ ಕಾರ್ಡು ಒಂದ ಉಸುರಿನ್ಯಾಗ ಓದಿ ಒಗದ!"

"ಅದರಾಗ ಏನ್ ಬರದಿತ್ತು? ಅದನ್ನೂ ಹೇಳು," ಎಂದೆ, ಎಲ್ಲರೆದುರು.

ಅವನು ನಿಜವಾಗಿಯೂ ಯೋಚಿಸಿದ. ನೆನಪಾಗಲಿಲ್ಲ.

"ಏನರ ಇರ್ಲೇಳೋ. ನಾ ನಿನ್ನ ಬಾಯಿ ನೋಡಾಕತ್ತಿದ್ದೆ."

ಬೀಗರು ನಕ್ಕರು. ನಾನು ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದೆ. ಬಸ್ಸಿನಲ್ಲಿ ಕೂತು, ಎರಡನೆಯ ಸಲ ಓದಿದಾಗ ಆ ಹೆಂಗಸಿನ ಮುಖ ಹೇಗಾಗಿತ್ತೆಂದು ನೆನೆಯಲು ನೋಡಿದೆ. ಬರಲಿಲ್ಲ. ಈಗಲೂ ಬರುವುದಿಲ್ಲ. ನಾನು ಅಪ್ಪನನ್ನು ನೋಡುತ್ತಿದ್ದೆ, ಇನ್ನೊಂದು ಶಾಬಾಶ್ ಬರಲೆಂದು.