ಖಾಲಿ ಇದೆ, ಬಾ

"ಖಾಲಿ ಇದೆ, ಬಾ" ಎಂದು ಕೂಗಿದವಳು ನಾನು. ರಸ್ತೆ ಖಾಲಿ ಇರಲಿಲ್ಲ.

ಏಳು ವರ್ಷ ಈ ಮೂರು ಪದಗಳನ್ನು ಒಳಗೇ ಇಟ್ಟುಕೊಂಡು ಬದುಕಿದೆ. ಪೊಲೀಸರಿಗೆ ಹೇಳಲಿಲ್ಲ, ಗಂಡನಿಗೆ ಹೇಳಲಿಲ್ಲ, ಆ ಮಾತನ್ನು ನಂಬಿ ಪೆಡಲ್ ತುಳಿದ ಗಿರಿಜಾಗೆ — ಅವಳಿಗಂತೂ ಹೇಳಲೇ ಇಲ್ಲ. ತಪ್ಪು ತನ್ನದೇ ಎಂದುಕೊಂಡು ಅವಳು ಏಳು ವರ್ಷ ಕಳೆದಳು. ನಾನು ಅವಳ ಎದುರೇ ಕೂತು, ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತ, ಹಾಗೆ ಅಂದುಕೊಳ್ಳಲು ಬಿಟ್ಟೆ.

ಗಿರಿಜಾ ವಿಜಯನಗರದವಳು. ಅನ್ನಪೂರ್ಣೇಶ್ವರಿ ನಗರದಲ್ಲಿ, ಹಾರ್ಡ್‌ವೇರ್ ಅಂಗಡಿಯ ಪಕ್ಕದ ಒಂದು ಕೋಣೆಯಲ್ಲಿ, ಹೆಂಗಸರಿಗೆ ಸ್ಕೂಟರ್ ಮತ್ತು ಕಾರು ಕಲಿಸುವ ಸಣ್ಣ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ನಾನು ಬಸವೇಶ್ವರನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನಲವತ್ತು ದಾಟಿದ ಮೇಲೆ ಕಾರು ಕಲಿಯುವ ಹುಚ್ಚು ಹಿಡಿದು ಅವಳ ಬಳಿ ಹೋದೆ. ಸ್ಟಿಯರಿಂಗ್ ಹಿಡಿದ ಕೂಡಲೇ ನಾನು ಕಣ್ಣು ಮುಚ್ಚಿ ರಾಯರನ್ನು ನೆನೆಯುತ್ತಿದ್ದೆ. "ಮೇಡಂ, ಮೊದ್ಲು ಕನ್ನಡಿ ನೋಡಿ. ಆಮೇಲೆ ದೇವ್ರು" ಎನ್ನುತ್ತಿದ್ದಳು. ಒಂದು ತಿಂಗಳಲ್ಲಿ 'ಮೇಡಂ' ಹೋಗಿ 'ವಸು' ಆಯಿತು, 'ನೀವು' ಹೋಗಿ 'ಕಣೇ' ಆಯಿತು.

ಆಮೇಲೆ ಸೈಕಲ್. ಭಾನುವಾರ ಬೆಳಿಗ್ಗೆ ಏಳೆಂಟು ಹೆಂಗಸರು ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆಯಲ್ಲಿ ಹೋಗಿ, ಇಡ್ಲಿ ತಿಂದು ವಾಪಸ್ ಬರುತ್ತಿದ್ದೆವು. ಯಾವಾಗಲೂ ಗಿರಿಜಾ ಮುಂದೆ, ಅವಳ ಹಿಂದೆ ನಾನು. ಹಾಗೆ ಮಾತಿಗೆ ಮಾತು ಬೆಳೆದು, ಒಂದು ಬೇಸಿಗೆಯಲ್ಲಿ ಫ್ರಾನ್ಸ್‌ನ ನದಿಯೊಂದರ ದಂಡೆಯ ಊರುಗಳಲ್ಲಿ ಹತ್ತು ದಿನ ಸೈಕಲ್ ತುಳಿಯುವ ಪ್ರವಾಸಕ್ಕೆ ಗುಂಪಾಗಿ ಹೊರಟೆವು.

ಹೊರಡುವ ಮೊದಲು ಗಿರಿಜಾ ನಮ್ಮನ್ನೆಲ್ಲ ತನ್ನ ಮನೆಯ ತಾರಸಿಗೆ ಕರೆದಳು. ಸೀಮೆಸುಣ್ಣದಲ್ಲಿ ದೊಡ್ಡದೊಂದು ಸರ್ಕಲ್ ಬರೆದು, ನಡುವೆ ತುಳಸಿ ಕುಂಡ ಇಟ್ಟಳು.

"ಅಲ್ಲಿ ಎಲ್ಲ ಉಲ್ಟಾ ಕಣ್ರೇ. ಗಾಡಿಗಳು ರಸ್ತೆ ಬಲಗಡೆ ಓಡ್ತವೆ. ಸರ್ಕಲ್‌ನಲ್ಲಿ ಎಡಗಡೆಯಿಂದ ಬರ್ತವೆ. ಒಳಗಿರೋರಿಗೆ ಮೊದ್ಲು ದಾರಿ ಬಿಡ್ಬೇಕು. ನಮ್ಮೂರ ಥರ ನುಗ್ಗಂಗಿಲ್ಲ. ಎಡಕ್ಕೆ ನೋಡು, ನಿಂತ್ಕೋ, ಆಮೇಲೆ ಹೋಗು. ಹೇಳಿ ನೋಡೋಣ, ಯಾವ ಕಡೆ?"

"ಎಡ" ಎಂದು ಎಲ್ಲರೂ ಕೂಗಿದೆವು. ನಾನೂ ಕೂಗಿದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ.

ಆ ದೇಶದಲ್ಲಿ ಹೆಜ್ಜೆಗೊಂದು ಸರ್ಕಲ್. ಮೊದಲ ದಿನ ಹೆದರಿದ್ದೆವು. ಆದರೆ ಕಾರಿನವರು ನಮ್ಮನ್ನು ಕಂಡು ನಿಲ್ಲುತ್ತಿದ್ದರು. ಸ್ಟಿಯರಿಂಗ್ ಮೇಲಿಂದ ಎರಡು ಬೆರಳೆತ್ತಿ 'ಹೋಗಿ' ಎಂದು ಸನ್ನೆ ಮಾಡುತ್ತಿದ್ದರು. ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ. ಅಲ್ಲಿಯ ಸೈಕಲ್ಲಿನವರಂತೆ ನಾವೂ ಕೈ ಚಾಚಿ ತಿರುವು ತೋರಿಸುವುದನ್ನು ಕಲಿತೆವು. "ನಮ್ಮೂರಲ್ಲಿ ಹಿಂಗೆ ಕೈ ಚಾಚಿದ್ರೆ ವಾಚು ಬಿಚ್ಕೊಂಡು ಹೋಗ್ತಾರೆ" ಎಂದು ಗಿರಿಜಾ ನಗುತ್ತಿದ್ದಳು. ಆದರೆ ಒಂದೊಂದು ಸರ್ಕಲ್ ಬಂದಾಗಲೂ ಅವಳ ನಗು ನಿಲ್ಲುತ್ತಿತ್ತು. ಬಿಳಿ ಗೆರೆಯ ಬಳಿ ಕಾಲೂರಿ, ಕತ್ತು ಎಡಕ್ಕೆ ತಿರುಗಿಸಿ, ತನ್ನಷ್ಟಕ್ಕೇ "ಎಡ... ಎಡ..." ಎನ್ನುತ್ತಿದ್ದಳು.

ಆರನೆಯ ದಿನದ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಧೈರ್ಯವಲ್ಲ, ಸಲಿಗೆ. ಆ ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ ಕೊಳ್ಳುತ್ತ ನಾವಿಬ್ಬರು ಹಿಂದೆ ಉಳಿದೆವು. ಉಳಿದವರು ಮುಂದಿನ ಊರಿಗೆ ಹೊರಟಾಗಿತ್ತು.

"ಇವತ್ತು ನಾನು ಮುಂದೆ" ಎಂದೆ.

"ಹೋಗಮ್ಮ, ನಿನ್ ಹಿಂದೆ ನಾನು ಆರಾಮಾಗಿ ಬರ್ತೀನಿ" ಎಂದಳು.

ಊರಿನ ಅಂಚಿನಲ್ಲಿ ಒಂದು ಸಣ್ಣ ಸರ್ಕಲ್. ನಡುವೆ ಆಳೆತ್ತರದ ಹೂಗಿಡಗಳು. ನಾನು ಬಲಕ್ಕೆ ನೋಡಿದೆ. ಹೌದು, ಬಲಕ್ಕೆ. ನಲವತ್ತು ವರ್ಷದ ಕತ್ತು, ತಾನು ಕಲಿತ ಕಡೆಗೇ ಹೊರಳಿತು. ಅಲ್ಲಿ ಏನೂ ಇರಲಿಲ್ಲ. ನುಗ್ಗಿದೆ. ದಾಟಿದೆ. ಆ ದಿನ ನನ್ನನ್ನು ಉಳಿಸಿದ್ದು ನನ್ನ ಕಣ್ಣಲ್ಲ, ಬರೀ ಅದೃಷ್ಟ.

ದಾಟಿದ ಮೇಲೆ ಹಿಂದಿರುಗಿ ನೋಡಿದೆ. ಗಿರಿಜಾ ಬಿಳಿ ಗೆರೆಯ ಬಳಿ ನಿಂತಿದ್ದಳು. ಒಂದು ಕಾಲು ನೆಲದ ಮೇಲೆ, ಕತ್ತು ಎಡಕ್ಕೆ. ಗಿಡಗಳ ಮರೆಯಿಂದ ಏನಾದರೂ ಬರುತ್ತಿದೆಯೇ ಎಂದು ಇನ್ನೂ ನೋಡುತ್ತಿದ್ದಳು. ನನಗೆ ಆಗ ಏನನ್ನಿಸಿತು? ಏಳು ವರ್ಷ ಇದನ್ನು ನನ್ನನ್ನೇ ಕೇಳಿಕೊಂಡಿದ್ದೇನೆ. ಗಾಬರಿಯಲ್ಲ, ಅವಸರವೂ ಅಲ್ಲ. ಒಂದು ಸಣ್ಣ ಹೆಮ್ಮೆ — ನಾನು ದಾಟಿದೆ, ಕಲಿಸಿದವಳು ಇನ್ನೂ ಅಲ್ಲೇ ನಿಂತಿದ್ದಾಳೆ ಎಂಬ...

"ಖಾಲಿ ಇದೆ, ಬಾ!"

ಅವಳು ಕತ್ತು ಹೊರಳಿಸಿ ನನ್ನತ್ತ ನೋಡಿದಳು. ನಕ್ಕಳು. ಪೆಡಲ್ ತುಳಿದಳು.

ಬೂದು ಬಣ್ಣದ ಕಾರು. ಜೋರಾಗಿಯೇನೂ ಬರಲಿಲ್ಲ. ಸದ್ದೂ ದೊಡ್ಡದಲ್ಲ, ಅಡುಗೆಮನೆಯ ಅಟ್ಟದಿಂದ ಡಬ್ಬಿ ಬಿದ್ದಷ್ಟು. ಸೈಕಲ್ಲಿಗೆ ಕಟ್ಟಿದ್ದ ಬ್ರೆಡ್ ಉರುಳಿಕೊಂಡು ನನ್ನ ಕಾಲ ಬಳಿಯವರೆಗೆ ಬಂತು. ನಾಲ್ಕೂ ರಸ್ತೆಯಲ್ಲಿ ಗಾಡಿಗಳು ನಿಂತವು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಇಂದಿಗೂ ನಮ್ಮ ಬೀದಿಯಲ್ಲಿ ಗಾಡಿಗಳ ಸದ್ದು ಒಂದು ಗಳಿಗೆ ನಿಂತರೆ ನಾನು ಬಾಗಿಲಿಗೆ ಓಡುತ್ತೇನೆ.

ಅವಳ ಸೊಂಟದ ಮೂಳೆ, ಎಡಗಾಲು ಮುರಿದಿತ್ತು. ತಲೆಗೂ ಪೆಟ್ಟು, ಎರಡು ದಿನ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ನನ್ನನ್ನು ಪ್ರಶ್ನಿಸಿದರು. ಪಾಂಡಿಚೇರಿ ಮೂಲದ ಒಬ್ಬ ನರ್ಸ್ ಅವರ ಮಾತನ್ನು ತಮಿಳು ಬೆರೆಸಿದ ಇಂಗ್ಲಿಷ್‌ನಲ್ಲಿ ನನಗೆ ತಿಳಿಸುತ್ತಿದ್ದಳು. ನೀವು ಮುಂದೆ ಇದ್ದಿರಿ, ಅವರಿಗೆ ಏನಾದರೂ ಹೇಳಿದಿರಾ, ಸನ್ನೆ ಮಾಡಿದಿರಾ?

"ಇಲ್ಲ" ಎಂದೆ. "ನಾನು ಹಿಂದಿರುಗಿ ನೋಡಲೇ ಇಲ್ಲ."

ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಆ ಕಾರಿನ ಯಜಮಾನ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದ. ಅವನು ಎದ್ದು ಬಂದು ನನ್ನನ್ನೇ ನೋಡುತ್ತ ಏನೋ ಕೇಳಿದ. ನರ್ಸ್ ತಿಳಿಸಿದಳು: "ಆಕೆ ನಿಂತಿದ್ದರಂತೆ. ಕಾಲು ನೆಲದ ಮೇಲಿತ್ತಂತೆ. ಅದನ್ನು ನೋಡಿಯೇ ಇವರು ಮುಂದೆ ಬಂದರಂತೆ. ನಿಂತವರು ಮತ್ತೆ ಯಾಕೆ ಹೊರಟರು ಅಂತ ಕೇಳ್ತಿದ್ದಾರೆ."

ಅವನ ಕಾರಿನ ಗಾಜುಗಳು ಏರಿದ್ದವು. ನನ್ನ ಕೂಗು ಅವನಿಗೆ ಕೇಳಿರಲಿಲ್ಲ. ಉತ್ತರ ಗೊತ್ತಿದ್ದವಳು ಇಡೀ ಭೂಮಿಯ ಮೇಲೆ ನಾನೊಬ್ಬಳೇ.

ಮೂರನೆಯ ದಿನ ಗಿರಿಜಾ ಕಣ್ಣು ಬಿಟ್ಟಳು. ಬ್ರೆಡ್ ಕೊಂಡದ್ದು ನೆನಪಿತ್ತು. ಆಮೇಲಿನದು ಏನೂ ಇಲ್ಲ. "ಏನಾಯ್ತೇ ವಸು?" ಎಂದಳು. ಆಗ ಹೇಳಬಹುದಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಕಾರು ಬಂತು. ನೀನು... ಎಡಕ್ಕೆ ನೋಡ್ಲಿಲ್ಲ ಅನ್ಸುತ್ತೆ."

ಪೊಲೀಸರ ಮುಂದೆ ಸುಳ್ಳು ಹೇಳಿ ನನ್ನ ತಪ್ಪು ಮುಚ್ಚಿಟ್ಟೆ. ಇಲ್ಲಿ ಅದನ್ನು ಅವಳ ತಲೆಗೆ ಕಟ್ಟಿದೆ. ಅದೂ 'ಅನ್ಸುತ್ತೆ' ಎಂಬ ಒಂದು ಪದದ ಹಿಂದೆ ಅವಿತುಕೊಂಡು. "ನಾನಾ? ನಾನು ನೋಡ್ಲಿಲ್ವಾ?" ಎಂದಳು. ಆ ದನಿ —

ಬೆಂಗಳೂರಿಗೆ ಬಂದ ಮೇಲೆ ಮೂಳೆ ಕೂಡಿತು. ಎಡಗಾಲು ಸ್ವಲ್ಪ ಗಿಡ್ಡವಾಯಿತು, ಕೈಗೆ ಕೋಲು ಬಂತು. ಅದನ್ನೆಲ್ಲ ಅವಳು ಸಹಿಸಿದಳು. ಆದರೆ ಕೆಲವೇ ತಿಂಗಳಲ್ಲಿ ಡ್ರೈವಿಂಗ್ ಸ್ಕೂಲ್ ಮುಚ್ಚಿದಳು. ಗಂಡ ನಾಗರಾಜ ಬೇಡವೆಂದು ಗೋಗರೆದ. "ರಸ್ತೆ ನೋಡೋಕೆ ಬರ್ದೇ ಇರೋಳು ಇನ್ನೊಬ್ರಿಗೆ ಏನ್ ಕಲಿಸ್ಲಿ?" ಎಂದಳು. ಕೆಂಗೇರಿಯಲ್ಲಿರುವ ಅವಳ ತಾಯಿ ಬಂದಾಗಲೆಲ್ಲ, "ಇವ್ಳು ಚಿಕ್ಕೋಳಿದ್ದಾಗ್ಲಿಂದ ಹಿಂಗೇ, ಎಲ್ಲೋ ನೋಡ್ಕೊಂಡು ನಡೀತಾಳೆ" ಎಂದು ಬೈಯುತ್ತಿದ್ದರು. ಗಿರಿಜಾ ತಲೆ ತಗ್ಗಿಸುತ್ತಿದ್ದಳು.

ಅವಳು ಒಬ್ಬಳೇ ರಸ್ತೆ ದಾಟುವುದನ್ನೂ ಬಿಟ್ಟಳು. ವಿಜಯನಗರದ ಮಾರ್ಕೆಟ್ಟಿಗೆ ಹೋಗುವಾಗ ನನ್ನ ತೋಳು ಹಿಡಿದು ಅಂಚಿನಲ್ಲಿ ನಿಲ್ಲುತ್ತಿದ್ದಳು. ತನ್ನ ಕಣ್ಣನ್ನು ನಂಬದೆ, ನನ್ನ ಮುಖ ನೋಡಿ ಕೇಳುತ್ತಿದ್ದಳು: "ಖಾಲಿ ಇದ್ಯಾ, ವಸು?"

ಏಳು ವರ್ಷ. ವಾರಕ್ಕೆ ಎರಡು ಸಲ. ಖಾಲಿ ಇದ್ಯಾ, ವಸು?

ಒಮ್ಮೆ ಆ ಮುದುಕನ ಕಾಗದ ಬಂತು. ಫೋನಿನಲ್ಲಿ ಅನುವಾದಿಸಿ ಓದಿ ಹೇಳು ಎಂದು ಗಿರಿಜಾ ನನ್ನನ್ನೇ ಕರೆದಳು. ಅಂದಿನಿಂದ ಕಾರು ಓಡಿಸಿಲ್ಲ, ಕೀಲಿಯನ್ನು ಮಗಳಿಗೆ ಕೊಟ್ಟಿದ್ದೇನೆ, ನೀವು ನಿಂತಿದ್ದರೂ ನಾನು ನಿಲ್ಲಬೇಕಿತ್ತು, ತಪ್ಪು ನನ್ನದು ಎಂದು ಬರೆದಿದ್ದ. ನಾನು ಓದಿದೆ. 'ನೀವು ನಿಂತಿದ್ದರೂ' ಎಂಬ ಭಾಗವನ್ನು ಮಾತ್ರ ನುಂಗಿದೆ. ಅವಳು ಉತ್ತರ ಹೇಳಿ ಬರೆಸಿದಳು: ತಪ್ಪು ನಿಮ್ಮದಲ್ಲ, ನನ್ನದು. ತಪ್ಪು ಮಾಡದ ಇಬ್ಬರು ಸಾವಿರಾರು ಮೈಲಿ ದೂರದಿಂದ ಒಬ್ಬರನ್ನೊಬ್ಬರು ಸಂತೈಸುತ್ತಿದ್ದರು. ಮಾಡಿದವಳು ನಡುವೆ ಕೂತು ಟೈಪ್ ಮಾಡುತ್ತಿದ್ದಳು.

ಈ ಸುಳ್ಳು ಅಷ್ಟಕ್ಕೇ ನಿಂತಿದ್ದರೆ ನಾನು ಅದರೊಡನೆಯೇ ಸಾಯುತ್ತಿದ್ದೆನೇನೋ. ಕಳೆದ ಶ್ರಾವಣದ ಒಂದು ಮಧ್ಯಾಹ್ನ ನಾನು ಗಿರಿಜಾ ಮನೆಯಲ್ಲಿದ್ದಾಗ ಒಬ್ಬ ಹೆಂಗಸು ಬಂದಳು. ಹೆಸರು ಶಾಂತವ್ವ, ವಿಜಯಪುರದ ಕಡೆಯವಳು, ಶ್ರೀಗಂಧದ ಕಾವಲಿನಲ್ಲಿ ಬಾಡಿಗೆಗಿದ್ದಾಳೆ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ ಸಿಕ್ಕಿತ್ತು, ಸ್ಕೂಟರ್ ಬರುತ್ತಿರಲಿಲ್ಲ. ಯಾರೋ ಹಳೆಯ ಶಿಷ್ಯೆ ಗಿರಿಜಾ ಹೆಸರು ಹೇಳಿದ್ದಳಂತೆ.

"ನಾನು ಈಗ ಕಲಿಸಲ್ಲಮ್ಮ" ಎಂದಳು ಗಿರಿಜಾ.

"ಗಂಡಸರ ಕಡೆ ಹೋದ್ನಿರೀ. ಬರೇ ಬೈತಾರ್ರೀ. ನೀವು ಕಲಿಸಿದ್ರ ಅಂಜಿಕಿ ಹೋಗತೈತಿ ಅಂತ ಹೇಳ್ಯಾರ್ರೀ."

"ನಾನೇ ನೋಡ್ದೆ ಹೋಗಿ ಬಿದ್ದೋಳು. ನಿಮಗೂ ಏನಾದ್ರೂ ಆದ್ರೆ? ಬೇಡಮ್ಮ, ದಮ್ಮಯ್ಯ."

ಶಾಂತವ್ವ ಚಪ್ಪಲಿ ಮೆಟ್ಟಿ ಹೋದಳು. ಗಿರಿಜಾ ಬಾಗಿಲು ಹಾಕಿ ಬಂದು ಕೂತಳು. ಅವಳ ಕೈ ಇನ್ನೂ ಕೋಲನ್ನು ಬಿಟ್ಟಿರಲಿಲ್ಲ. ಎಂಥೆಂಥ ಹೆದರಿಕೆಯ ಹೆಂಗಸರನ್ನು ಮಾಗಡಿ ರಸ್ತೆಯ ಲಾರಿಗಳ ನಡುವೆ ದಾಟಿಸಿದ ಕೈ ಅದು.

"ಗಿರಿಜಾ, ನೀನು ನೋಡಿದ್ದೆ" ಎಂದೆ.

"ಏನು?"

"ಅವತ್ತು. ನೀನು ನಿಂತಿದ್ದೆ. ಎಡಕ್ಕೆ ನೋಡ್ತಾ ಇದ್ದೆ. ನಾನು ಖಾಲಿ ಇದೆ ಬಾ ಅಂತ ಕೂಗ್ದೆ. ನಾನು ಬಲಕ್ಕೆ ನೋಡಿದ್ದೆ. ಪೊಲೀಸ್ರಿಗೂ ಸುಳ್ಳು ಹೇಳ್ದೆ. ನಿಂಗೂ."

ಬಯ್ಯುತ್ತಾಳೆ ಎಂದುಕೊಂಡೆ. ಕೋಲು ಎತ್ತಿದರೂ ಸರಿ ಎಂದುಕೊಂಡೆ. ಅವಳು ಒಂದೇ ಒಂದು ಕೇಳಿದಳು.

"ನಾನು ನಿಂತಿದ್ನಾ?"

"ನಿಂತಿದ್ದೆ."

"ಗೆರೆ ಹತ್ರ?"

"ಗೆರೆ ಹತ್ರ. ಕಾಲೂರಿ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಳೋ, ನಕ್ಕಳೋ, ನನಗೆ ಇಂದಿಗೂ ತಿಳಿಯದು. ಆಮೇಲೆ ಸೆರಗು ಸರಿಸಿ, ನನ್ನನ್ನು ನೋಡದೆ ಹೇಳಿದಳು: "ನಂಗೆ ಹೇಳಿದ್ದು ಸಾಲ್ದು. ನಾನು ಯಾರ್‍ಯಾರ ಮುಂದೆ ನನ್ನ ತಪ್ಪು ಅಂತ ಹೇಳ್ಕೊಂಡಿದೀನೋ, ಅವ್ರಿಗೆಲ್ಲ ನೀನು ಹೇಳ್ಬೇಕು. ಹೇಳಿ ಮುಗಿಯೋವರ್ಗೂ ಈ ಮನೆಗೆ ಬರ್ಬೇಡ."

ಮುಗಿದ ಮೇಲೆ ಬರಬಹುದೇ ಎಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ಉಳಿದಿರಲಿಲ್ಲ.

ಅಂದಿನಿಂದ ಹೇಳುತ್ತಿದ್ದೇನೆ. ಮೊದಲು ನನ್ನ ಗಂಡನಿಗೆ. ನಾಗರಾಜನಿಗೆ ಹೇಳಿದಾಗ ಅವನು ಕೈ ಮುಗಿದು "ಹೋಗಿ ಮೇಡಂ" ಎಂದ. ಏಳು ವರ್ಷ ಅಕ್ಕ ಎನ್ನುತ್ತಿದ್ದವನು. ಭಾನುವಾರದ ಗುಂಪಿನವರಿಗೆ ಇಡ್ಲಿ ಹೋಟೆಲಿನ ಮುಂದೆ ನಿಂತು ಹೇಳಿದೆ. ಒಬ್ಬೊಬ್ಬರಾಗಿ ಸೈಕಲ್ ಹತ್ತಿ ಹೋದರು. ಮುದುಕನಿಗೆ ಕಾಗದ ಬರೆದೆ. ಆ ಊರಿನ ಪೊಲೀಸರಿಗೂ ಬರೆದೆ. ಉತ್ತರ ಬಂದಿಲ್ಲ. ಆ ಮುದುಕ ಬದುಕಿದ್ದಾನೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ, ನಿಂತವರು ಯಾಕೆ ಹೊರಟರು ಎಂಬ ಆ ಪ್ರಶ್ನೆಗೆ ಉತ್ತರ ಸಿಗದೆಯೇ ಅವನು...

ನನಗೆ ಪರಿಚಯವಿಲ್ಲದ, ಗಿರಿಜಾಳ ಮಾತು ಕೇಳಿರಬಹುದಾದ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳ ತಪ್ಪು ಏನೂ ಇರಲಿಲ್ಲ. ಅವಳು ಸರಿಯಾಗಿ ನೋಡಿದ್ದಳು.

ಇನ್ನು ಉಳಿದವರು ಅವಳ ತಾಯಿ. ನಾಳೆ ಬೆಳಿಗ್ಗೆ ಕೆಂಗೇರಿಗೆ ಹೋಗುತ್ತೇನೆ. ಅಮ್ಮನಿಗೆ ಈಗ ಕಿವಿ ಪೂರಾ ಮಂದ. ಹಗಲೆಲ್ಲ ಜಗುಲಿಯ ಮೇಲೆ ಕೂತಿರುತ್ತಾರೆ. ಬೀದಿಯಲ್ಲಿ ಜನ ಓಡಾಡುತ್ತಿರುತ್ತಾರೆ. ಗಟ್ಟಿಯಾಗಿ ಹೇಳಬೇಕಾಗುತ್ತದೆ. ಅವರಿಗೆ ಕೇಳುವವರೆಗೂ, ಮತ್ತೆ ಮತ್ತೆ ಹೇಳಬೇಕಾಗುತ್ತದೆ.