ದೀಪ ದೊಡ್ಡದು ಮಾಡಿ

ಮೊನ್ನೆ ಫ್ರಿಜ್ಜಿನ ಹಿಂದಿನ ಸ್ವಿಚ್ಚಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಮ್ಮೆ ಉಸಿರೆಳೆದುಕೊಂಡೆ. ನಿಮಗೂ ಹೀಗಾಗಿರಬಹುದು: ಕೆಲವು ಕೆಟ್ಟ ವಾಸನೆಗಳಿಗೆ ಒಳ್ಳೆಯ ಊರುಗಳಿರುತ್ತವೆ. ಈ ವಾಸನೆಯ ಊರು ಮಂಗಲ್ಪಾಡಿ, ಅಲ್ಲಿನ ನನ್ನ ಸೋದರಮಾವನ ಮನೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಮಾವ ಮನೆಯ ಪಕ್ಕದಲ್ಲೇ ಅಕ್ಕಿ ಗಿರಣಿ ನಡೆಸುತ್ತಿದ್ದರು. ಗಿರಣಿಯ ಡೈನಮೊದಿಂದ ಮನೆಗೆ ತಂತಿ ಎಳೆಸಿ, ಆಸುಪಾಸಿನಲ್ಲೆಲ್ಲ ಮೊದಲು ಬಲ್ಬು ಉರಿಸಿದವರು ಅವರೇ. ಆಮೇಲೆ ಗಿರಣಿ ನಿಂತಿತು, ಬಲ್ಬು ಹೋಯಿತು, ಮಾವನ ಗತ್ತು ಮಾತ್ರ ಉರಿಯುತ್ತಲೇ ಇತ್ತು. ಐವತ್ತರ ದಶಕದಲ್ಲಿ ಸರಕಾರದ ಲೈನು ಬಂದಾಗ ಅದನ್ನು ಅದೇ ಹಳೆಯ ತಂತಿಗೆ ಜೋಡಿಸಿಬಿಟ್ಟರು. ಮರದ ಪಟ್ಟಿಯೊಳಗೆ ಮಲಗಿದ್ದ ಆ ತಂತಿಗೆ ಹೊರಗೆ ನೂಲಿನ ಅಂಗಿ, ಒಳಗೆ ರಬ್ಬರು. ರಬ್ಬರು ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತಿತ್ತು. "ನಮ್ಮ ಮನೆಯ ಫ್ಯೂಸು ಒಮ್ಮೆಯೂ ಹೋದದ್ದಿಲ್ಲ" ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಹೋಗುವುದು ಹೇಗೆ? ಫ್ಯೂಸಿನ ತೆಳುವಾದ ಎಳೆ ಇರಬೇಕಾದಲ್ಲಿ ಅವರು ಬಟ್ಟೆ ಒಣಹಾಕಬಹುದಾದಷ್ಟು ದಪ್ಪದ ತಾಮ್ರದ ತಂತಿ ಸುತ್ತಿಟ್ಟಿದ್ದರು.

ಅಡುಗೆಮನೆಯ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿದ ಮೇಲೆ ಅತ್ತೆ ಹಟ ಹಿಡಿದರು. ಐತಪ್ಪನಿಗೆ ಹೇಳಿಕಳಿಸಿದ್ದಾಯಿತು. ಐತಪ್ಪ ಬೊಂಬಾಯಿಯಲ್ಲಿ ವಯರಿಂಗ್ ಕಲಿತು ಬಂದವನು. ಆ ಊರಿನ ಹೆಸರೆತ್ತದೆ ಒಂದು ಮೊಳೆಯನ್ನೂ ಹೊಡೆಯುತ್ತಿರಲಿಲ್ಲ. ನಾನು ಮಂಗಳೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ, ಆ ವಾರ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ.

"ಎಂತ ಧಣಿ ಇದು? ಇಡೀ ಮನೆಗೆ ಹೊಸ ವಯರು ಬೇಕು."

"ಇಡೀ ಮನೆ ಮಾರಿದರೆ ಹೊಸ ವಯರು ಬರಬಹುದು. ಆಮೇಲೆ ಅದನ್ನು ಎಲ್ಲಿಗೆ ಹೊಡೆಯುವುದು ಮಾರಾಯ?"

ಕೊನೆಗೆ ರಾಜಿಯಾಯಿತು. ಅಡುಗೆಮನೆ, ಬಚ್ಚಲಿಗೆ ಮಾತ್ರ ಹೊಸ ವಯರು; ಉಪಯೋಗವಿಲ್ಲದ ಕೋಣೆಗಳ ಲೈನು ಕಡಿದುಬಿಡುವುದು; ಫ್ಯೂಸಿಗೆ ಸರಿಯಾದ ಎಳೆ; ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನ ಪೈಪು. ಒಗೆದ ನೀರು ಬಿಟ್ಟಿಯಾಗಿ ಗುಂಡಿಯನ್ನು ಒದ್ದೆಯಾಗಿಡುತ್ತದೆ ಎಂಬ ಲೆಕ್ಕಾಚಾರ ಮಾವನಿಗೆ ಬಹಳ ಹಿಡಿಸಿತು. ವಯರು ತರಲು ಅವರು ಉಪ್ಪಳದ ಪೇಟೆಗೆ ಹೋದರು.

ಐತಪ್ಪ ಏಣಿ ಹತ್ತಿ ಕೂಗಿದ: "ಅಕ್ಕ, ಮೈನ್ ಆರಿಸಿ!"

ಇಲ್ಲಿ ಅತ್ತೆಯ ಕುರಿತು ಒಂದು ಮಾತು. ಅವರ ತವರು ನೆಕ್ರಾಜೆ. ಆ ಮನೆಯಲ್ಲಿ ದೀಪವನ್ನು 'ಆರಿಸು' ಎಂದರೆ ಅಶುಭ. 'ದೊಡ್ಡದು ಮಾಡು' ಎನ್ನಬೇಕು. ಅವರು ಮದುವೆಯಾಗಿ ಬಂದ ಮೇಲೆ ಮಾವನ ಮನೆಯ ದೀಪಗಳೂ ರಾತ್ರಿ ಮಲಗುವ ಮುಂಚೆ ದೊಡ್ಡದಾಗುತ್ತಿದ್ದವು.

ಅತ್ತೆ ಚಾವಡಿಗೆ ಹೋಗಿ ಮೈನ್ ಸ್ವಿಚ್ಚಿನ ಹಿಡಿ ಕೆಳಗೆಳೆದು ಕೂಗಿದರು: "ದೊಡ್ಡದು ಮಾಡಿ ಆಯ್ತು ಐತಪ್ಪ!"

ಐತಪ್ಪ ಏಣಿಯಿಂದ ಹಾರಿಯೇಬಿಟ್ಟ. "ನನ್ನನ್ನು ಕೊಲ್ಲುವ ಅಂದಾಜು ಉಂಟಾ ಅಕ್ಕ?"

ಅತ್ತೆ ವಿವರಿಸಿದರು. ಅವನು ಬೆವರು ಒರೆಸಿಕೊಂಡು, "ಹಾಗಾದ್ರೆ ಆಫ್ ಅನ್ನಿ" ಎಂದ.

"ಆಫೋ! ಉಫ್ ಅಂತ ಊದಿದ ಹಾಗೇ ಕೇಳ್ತದೆ. ಅದು ಬೇಡ."

"ಆಯ್ತು. ಬೊಂಬಾಯಿಯ ಸೇಠಾಣಿಯರನ್ನೇ ಸುಧಾರಿಸಿದವ ನಾನು. ಇನ್ನು ನಾನೂ ದೊಡ್ಡದು ಅಂತಲೇ ಹೇಳ್ತೇನೆ, ಸರಿಯಾ?"

ಮಧ್ಯಾಹ್ನ ಅಡುಗೆಗೆ ಬೆಳಕು ಬೇಕೆಂದು ಅತ್ತೆ ಮೈನ್ ಮತ್ತೆ ಹಾಕಿದರು. ಊಟದ ಹೊತ್ತಿಗೆ ಮಾವ ಬಂದರು. ಊಟವಾದದ್ದೇ ಯಜಮಾನಿಕೆ ವಹಿಸಿಕೊಂಡು ಚಾವಡಿಯಲ್ಲಿ ಮೈನಿನ ಪಕ್ಕ ನಿಂತರು. ಐತಪ್ಪ ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿದ. ನಡುವಿನ ಕೋಣೆಯಲ್ಲಿ ನಿಂತಿದ್ದ ನನಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು.

"ಧಣೀ, ದೊಡ್ಡದು ಮಾಡಿ!"

ಬೆಳಗಿನ ಒಪ್ಪಂದ ಮಾವನಿಗೆ ಗೊತ್ತಿರಲಿಲ್ಲ. ಹೆಂಡತಿ ಹೇಳಿದ್ದರೆ ಅರ್ಥ ಬೇರೆ. ಬೊಂಬಾಯಿ ಕಂಡವನು ನೆಕ್ರಾಜೆಯ ಭಾಷೆ ಆಡುತ್ತಾನೆಯೇ? ದೊಡ್ಡದು ಎಂದರೆ ದೊಡ್ಡದೇ ಇರಬೇಕು, ಕರೆಂಟು ಹಾಕಲು ಹೇಳುತ್ತಿದ್ದಾನೆ ಎಂದುಕೊಂಡರು. ಮೈನ್ ನೋಡಿದರು. ಹಾಕಿಯೇ ಇತ್ತು.

"ದೊಡ್ಡದೇ ಉಂಟು ಮಾರಾಯ!"

"ಆಯ್ತು ಧಣಿ!"

ಇಬ್ಬರ ವಾಕ್ಯಗಳನ್ನೂ ನಾನು ಮನಸ್ಸಿನಲ್ಲೇ ಪರಿಶೀಲಿಸಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ತಲೆಯೆತ್ತಿದರು. ಬಲ್ಬು ಉರಿಯುತ್ತಿತ್ತು. ಅದರ ಮೇಲೆ ಅಟ್ಟದ ಹಲಗೆಗಳ ಸಂದಿಯಲ್ಲಿ ಹಳೆಯ ತಂತಿಯತ್ತ ಹೋಗುತ್ತಿದ್ದ ಐತಪ್ಪನ ಬರಿಗೈ ಕಂಡಿತು.

"ಆರಿಸಿ! ದೀಪ ಆರಿಸೀ ಇವರೇ! ಆರಿಸೀ!"

ಇಷ್ಟು ವರ್ಷಗಳ ಸಂಸಾರದಲ್ಲಿ ಹೆಂಡತಿಯ ಬಾಯಿಂದ ಆ ಮಾತು ಕೇಳಿರದ ಮಾವ ಬೆಚ್ಚಿಬಿದ್ದು ಮೈನಿನ ಹಿಡಿಗೆ ಜೋತುಬಿದ್ದರು. ಬಲ್ಬು ಹೋಯಿತು. ಐತಪ್ಪನ ಕಾಲುಗಳು ಮೆಟ್ಟಿಲು ತಡಕುತ್ತಾ ಅಟ್ಟದಿಂದ ಏಣಿಗೆ ಬಂದವು.

"ನಾನು ಸರಿಯಾಗಿಯೇ ಹೇಳಿದ್ದು" ಎಂದರು ಮಾವ.

"ನಾನೂ ಸರಿಯಾಗಿಯೇ ಕೇಳಿದ್ದು ಧಣಿ."

ಅತ್ತೆ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ಚಾವಡಿಗೆ ಹೋಗಿ ಪಿಂಗಾಣಿಯ ಫ್ಯೂಸನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನು ಮಾತೇ ಬೇಡ. ಐತಪ್ಪ, ನೀನು ನೆಲಕ್ಕಿಳಿದು ಬಂದು ಕೇಳಿದ ಮೇಲೆ ಇದನ್ನು ಕೊಡ್ತೇನೆ. ಇವರು ಕೇಳಿದ್ರೆ ಕೊಡುವುದಿಲ್ಲ."

ಆ ಮನೆಯ ರಿಪೇರಿಯಲ್ಲಿ ಒಂದು ಕಾಸೂ ಖರ್ಚಾಗದ ಕೆಲಸ ಅದೊಂದೇ. ಐತಪ್ಪ ಅವತ್ತೆಲ್ಲ ಬೊಂಬಾಯಿಯ ಹೆಸರೆತ್ತಲಿಲ್ಲ.

ಸಂಜೆ ನಾನು ಅತ್ತೆಯನ್ನು ಕೆಣಕಿದೆ: "ಆಡಬಾರದ ಮಾತನ್ನು ಇಡೀ ಊರಿಗೆ ಕೇಳುವ ಹಾಗೆ ಆಡಿದಿರಲ್ಲ?"

ಅತ್ತೆ ನಗಲಿಲ್ಲ. "ಆಡಿದೆ. ಅವನ ಮನೆಯಲ್ಲೂ ಒಂದು ದೀಪ ಉಂಟಲ್ಲ" ಎಂದರು.

ಫ್ರಿಜ್ಜಿನ ಸ್ವಿಚ್ಚು ಬದಲಿಸಲು ನಿನ್ನೆ ಎಲೆಕ್ಟ್ರಿಶಿಯನ್ ಬಂದಿದ್ದ, ಸಣ್ಣ ಪ್ರಾಯದವನು. ಅವಸರದಲ್ಲಿದ್ದ. "ಆಫ್ ಆಯ್ತಾ ಸಾರ್?" ಎಂದು ಒಳಗಿನಿಂದ ಕೂಗಿದ. ಶಬ್ದಗಳನ್ನು ತಿದ್ದಿಯೇ ಹೊಟ್ಟೆ ಹೊರೆದ ನಾನು ಒಂದು ಶಬ್ದವನ್ನೂ ಆಡಲಿಲ್ಲ. ಫ್ಯೂಸನ್ನು ಕಿತ್ತು, ಒಳಗೆ ಹೋಗಿ ಅವನ ಅಂಗೈಯಲ್ಲೇ ಇಟ್ಟೆ.